ಕಾರವಾರದ ಕಡಲ ನೀರಿಗೆ ಕಾಗದದ ಸೂಕ್ಷ್ಮದರ್ಶಕ ಸಾಕಾಗುತ್ತದೆಯೇ? ಫೋಲ್ಡ್‌ಸ್ಕೋಪ್ ವಿಮರ್ಶೆ

ಕಡಲ ಜೀವಿಗಳ ಬಗ್ಗೆ ಹೊಸ ಸಂಶೋಧನೆಯ ಸುದ್ದಿ ಬಂದಾಗಲೆಲ್ಲ ಕರಾವಳಿಯ ಶಾಲೆಯ ಮಕ್ಕಳು ಕೇಳುವುದು ಒಂದೇ ಪ್ರಶ್ನೆ: “ಅದು ನಮ್ಮ ಸಮುದ್ರದಲ್ಲೂ ಉಂಟಾ? ನೋಡಲಿಕ್ಕೆ ಆಗ್ತದಾ?” ಈಚಿನ ವರ್ಷಗಳಲ್ಲಿ ಹೀಗೆ ಕೇಳಲು ಕಾರಣಗಳು ಒಂದರ ಬೆನ್ನಿಗೆ ಒಂದು ಬಂದಿವೆ. 2022ರಲ್ಲಿ ಬರಿಗಣ್ಣಿಗೆ ಕಾಣುವಷ್ಟು ಉದ್ದದ ಬ್ಯಾಕ್ಟೀರಿಯಾ ಸುದ್ದಿಯಾಯಿತು. 2024ರ ಏಪ್ರಿಲ್‌ನಲ್ಲಿ ಗಾಳಿಯ ಸಾರಜನಕವನ್ನು ತಾನೇ ಹಿಡಿದುಕೊಳ್ಳುವ ಕಡಲ ಪಾಚಿ, ಅಕ್ಟೋಬರ್‌ನಲ್ಲಿ ಕಡಲಾಳಕ್ಕೆ ಇಳಿಯುವ ‘ಹಿಮ’ದ ಕಾಣದ ಬಾಲ. ಈ ಪ್ರಶ್ನೆಗೆ ಅಂಗೈಯಲ್ಲಿ ಹಿಡಿಯುವ ಒಂದು ಸಾಧನ ಎಷ್ಟರ ಮಟ್ಟಿಗೆ ಉತ್ತರ ಕೊಡುತ್ತದೆ ಎಂಬುದೇ ಇಲ್ಲಿಯ ವಿಷಯ. ಸಾಧನ ಫೋಲ್ಡ್‌ಸ್ಕೋಪ್, ಹಾಳೆ ಮಡಚಿ ಜೋಡಿಸುವ ಸೂಕ್ಷ್ಮದರ್ಶಕ. ಮಾದರಿಗಳು ಕಾಳಿ ಅಳಿವೆಯ ನೀರು, ಕಾಂಡ್ಲಾ (ಮ್ಯಾಂಗ್ರೋವ್) ಬುಡದ ಕೆಸರು, ಶಿರಸಿ ಕಡೆಯ ಕೆರೆ ಮತ್ತು ಅಡಿಕೆ ತೋಟ.

ತೀರ್ಮಾನ ಮೊದಲೇ ಹೇಳಿಬಿಡುವುದು ಒಳ್ಳೆಯದು. ಡಯಾಟಮ್ (ಗಾಜಿನಂಥ ಚಿಪ್ಪಿನ, ಒಂದೇ ಕೋಶದ ಪಾಚಿ), ಕೋಪಿಪಾಡ್ (ಸೀಗಡಿ ಬಳಗದ ಪುಟ್ಟ ಪ್ರಾಣಿ) ಮರಿ, ಪರಾಗ, ಶಿಲೀಂಧ್ರದ ಬೀಜಕ ಇಷ್ಟನ್ನು ನೋಡಲು ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ಸಾಧನ. ಸಾಮಾನ್ಯ ಬ್ಯಾಕ್ಟೀರಿಯಾ ನೋಡುವ ಆಸೆಯಿಂದ ಕೊಳ್ಳುವುದು ಬೇಡ. ಇನ್ನು, ಸ್ಲೈಡ್ ಮಾಡುವ ಕೈಗೆಲಸ ಕಲಿಯದೆ ಕೊಂಡರೆ ಅದು ಎರಡೇ ವಾರದಲ್ಲಿ ಕಪಾಟು ಸೇರುತ್ತದೆ. ತಪ್ಪು ಆಗುವುದೆಲ್ಲ ಸ್ಲೈಡ್‌ನಲ್ಲಿಯೇ, ಹಾಗಾಗಿ ಈ ಬರಹದಲ್ಲಿ ಹೆಚ್ಚು ಜಾಗ ಅದಕ್ಕೇ ಮೀಸಲು.

ಇದನ್ನು ರೂಪಿಸಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಜಿಮ್ ಸಿಬುಲ್ಸ್ಕಿ. ಪ್ರಕಾಶ್ ಹುಟ್ಟಿದ್ದು ಮೀರತ್‌ನಲ್ಲಿ, ಎಂಜಿನಿಯರಿಂಗ್ ಓದಿದ್ದು ಕಾನ್ಪುರದ ಐಐಟಿಯಲ್ಲಿ. 2014ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಬಂದ ಪ್ರಬಂಧದ ಪ್ರಕಾರ ಮೂಲ ಮಾದರಿಯ ತೂಕ 8.8 ಗ್ರಾಂ, ಬಿಡಿಭಾಗಗಳ ವೆಚ್ಚ ಒಂದು ಡಾಲರ್‌ಗಿಂತ ಕಡಿಮೆ. 2015ರಲ್ಲಿ ಭಾರತದ ಜೈವಿಕ ತಂತ್ರಜ್ಞಾನ ಇಲಾಖೆ ಪ್ರಕಾಶ್ ಅವರ ಪ್ರಯೋಗಾಲಯದೊಡನೆ ಒಪ್ಪಂದ ಮಾಡಿಕೊಂಡ ಮೇಲೆ ನಮ್ಮ ಅನೇಕ ಶಾಲಾ ಕಾಲೇಜುಗಳಿಗೂ ಇದು ತಲುಪಿತು. ಕಾಗದ ಎಂದು ಕರೆದರೂ ಅದು ಪ್ಲಾಸ್ಟಿಕ್ ಎಳೆಯ ಹಾಳೆ. ನೀರಿಗೆ ನೆನೆಯುವುದಿಲ್ಲ, ಕೈಯಿಂದ ಎಳೆದರೆ ಸುಲಭಕ್ಕೆ ಹರಿಯುವುದೂ ಇಲ್ಲ. ಕರಾವಳಿಯ ಮಳೆಗಾಲಕ್ಕೆ ಈ ಗುಣವೊಂದೇ ಅರ್ಧ ಶಿಫಾರಸು.

ಇದರ ಜೀವವೆಲ್ಲ ಗಾಜಿನ ಒಂದು ಗುಂಡಿನಲ್ಲಿದೆ. ಮೂರುನೂರ ಐವತ್ತು ವರ್ಷಗಳ ಹಿಂದೆ ಡೆಲ್ಫ್ಟ್ ಊರಿನ ಲೇವನ್‌ಹುಕ್ ಒಂದೇ ಮಸೂರದಲ್ಲಿ ಸೂಕ್ಷ್ಮಜೀವಿಗಳನ್ನು ಕಂಡದ್ದೂ ಇದೇ ತತ್ವದಿಂದ. ಗುಂಡು ಚಿಕ್ಕದಾದಷ್ಟೂ ವರ್ಧನೆ ಹೆಚ್ಚು. 140 ಪಟ್ಟು ದೊಡ್ಡದು ಮಾಡಿ ತೋರಿಸುವ ಗುಂಡಿನ ವ್ಯಾಸ ಸುಮಾರು 2.4 ಮಿಲಿಮೀಟರ್. ಗಾಜಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಗ್ಗಿಸುವ ಅಳತೆ) 1.517 ಎಂದು ಹಿಡಿದು ಲೆಕ್ಕ ಮಾಡಿದರೆ ಸಂಗಮದೂರ (ಬೆಳಕು ಒಂದೆಡೆ ಕೂಡುವ ದೂರ) 1.76 ಮಿ.ಮೀ.; ಬರಿಗಣ್ಣು ಸ್ಪಷ್ಟವಾಗಿ ನೋಡಬಲ್ಲ ಹತ್ತಿರದ ದೂರ 250 ಮಿ.ಮೀ. ಎಂದು ಹಿಡಿದು, ಅದನ್ನು 1.76ರಿಂದ ಭಾಗಿಸಿದರೆ 142 ಸಿಗುತ್ತದೆ. ಪೆಟ್ಟಿಗೆಯ ಮೇಲಿನ 140ಕ್ಕೆ ಇದು ಸರಿಹೊಂದುತ್ತದೆ, ಉತ್ಪ್ರೇಕ್ಷೆ ಇಲ್ಲ. ಬೇರೆ ಬೇರೆಯಾಗಿ ಗುರುತಿಸಬಹುದಾದ ಅತಿ ಚಿಕ್ಕ ಅಂತರ ಸುಮಾರು 2 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್).

ಆದರೆ ನೆನಪಿಡಬೇಕಾದ ಸಂಖ್ಯೆ 140 ಅಲ್ಲ. ಸಂಗಮದೂರವನ್ನು ಅಳೆಯುವುದು ಗುಂಡಿನ ನಡುವಿನಿಂದ. ಅದರಲ್ಲಿ ಗುಂಡಿನ ತ್ರಿಜ್ಯ 1.2 ಮಿ.ಮೀ. ಕಳೆದರೆ ಗುಂಡಿನ ಹೊರಮೈಗೂ ನೋಡುವ ವಸ್ತುವಿಗೂ ನಡುವೆ ಉಳಿಯುವುದು ಬರೇ 0.56 ಮಿ.ಮೀ. ‘ಏನೂ ಕಾಣುವುದಿಲ್ಲ, ಬರೀ ಮಬ್ಬು’ ಎಂಬ ದೂರಿನ ಬಹುಪಾಲು ಈ ಅರ್ಧ ಮಿಲಿಮೀಟರ್‌ನಲ್ಲಿ ಅಡಗಿದೆ. ಗಾಜಿನ ಸ್ಲೈಡ್ ಒಂದು ಮಿ.ಮೀ. ದಪ್ಪ. ಅದನ್ನು ತಿರುಗಾಮುರುಗಾ ತೂರಿಸಿ ಗಾಜಿನ ದಪ್ಪ ಭಾಗ ಗುಂಡಿನ ಕಡೆ ಬಂದರೆ, ಏನೇ ತಿರುಪಿದರೂ ಫೋಕಸ್ ಸಿಗುವುದಿಲ್ಲ. ಮಾದರಿಯ ಮೇಲೆ ಮುಚ್ಚುವ ತೆಳು ಗಾಜು, ಎಂದರೆ ಕವರ್‌ಸ್ಲಿಪ್, ಇರುವ ಮೈ ಗುಂಡಿನ ಕಡೆಗೇ ಇರಬೇಕು. ಕವರ್‌ಸ್ಲಿಪ್ ದಪ್ಪ 0.15 ಮಿ.ಮೀ. ಆಸುಪಾಸು, ಅದು ಹೋದರೆ ನೀರಿನ ಪದರಕ್ಕೂ ಫೋಕಸ್ ಸರಿಪಡಿಸುವ ಓಡಾಟಕ್ಕೂ ಸೇರಿ 0.4 ಮಿ.ಮೀ. ಉಳಿಯುತ್ತದೆ.

ಜೋಡಿಸುವುದು ಕಷ್ಟದ್ದಲ್ಲ, ಮೊದಲ ಸಲ ಅರ್ಧ ಗಂಟೆ ಬೇಕು. ಹಾಳೆಯಿಂದ ಭಾಗಗಳನ್ನು ಬಿಡಿಸುವಾಗ ಉಗುರಿನಿಂದ ಕೀಳಬಾರದು, ಗೆರೆಯ ಮೇಲೆ ಹಿಂದೆ ಮುಂದೆ ಎರಡು ಸಲ ಮಡಚಿ ಆಮೇಲೆ ಬಿಡಿಸಬೇಕು. ಪ್ರತಿ ಮಡಿಕೆಯನ್ನೂ ಚಮಚದ ಹಿಂಬದಿಯಿಂದ ಒಮ್ಮೆ ಒತ್ತಿ ಉಜ್ಜಿದರೆ ಮಡಿಕೆ ಚೂಪಾಗಿ ಕೂರುತ್ತದೆ. ಮಡಿಕೆ ದುಂಡಗಾದರೆ ಫೋಕಸ್ ಪಟ್ಟಿ ಜಾರುವಾಗ ಗುಂಡು ಒಂದು ಕಡೆ ವಾಲುತ್ತದೆ. ಚಿತ್ರದ ಎಡಭಾಗ ಸ್ಪಷ್ಟ, ಬಲಭಾಗ ಮಬ್ಬು ಆಗುವುದು ಇದರಿಂದಲೇ. ಎರಡು ಹೆಬ್ಬೆರಳು ಎರಡು ತೋರುಬೆರಳು, ಇಷ್ಟರಲ್ಲೇ ಸ್ಲೈಡನ್ನು ಆಚೀಚೆ ಸರಿಸುವುದು, ಪಟ್ಟಿ ಎಳೆದು ಫೋಕಸ್ ಮಾಡುವುದು ಎರಡೂ ಆಗಬೇಕು. ಮಕ್ಕಳು ಗುಂಡನ್ನು ಕಣ್ಣಿನಿಂದ ಗೇಣುದ್ದ ದೂರ ಹಿಡಿದು ಹುಡುಕುತ್ತಾರೆ. ಹುಬ್ಬು ತಾಗುವಷ್ಟು ಹತ್ತಿರ ತಂದಾಗ ಮಾತ್ರ ಪೂರ್ತಿ ವೃತ್ತ ಕಾಣುತ್ತದೆ. ಬೆಳಕಿಗೆ ಬಿಳಿ ಗೋಡೆಯೋ ಕಿಟಕಿಯ ಆಕಾಶವೋ ಸಾಕು. ಸೂರ್ಯನ ಕಡೆ ಹಿಡಿದು ನೋಡುವುದು ಕಣ್ಣಿನ ಪರದೆಯನ್ನೇ ಸುಟ್ಟೀತು. ತರಗತಿಯಲ್ಲಿ ಕೊಡುವ ಮೊದಲು ಈ ಮಾತನ್ನು ಎರಡು ಸಲ ಹೇಳಬೇಕು.

ಈಗ ನೀರು. ಅಳಿವೆಯಿಂದ ಬಾಟಲಿಯಲ್ಲಿ ನೀರು ತಂದು ಒಂದು ಹನಿ ಹಾಕಿ ನೋಡಿದರೆ ಹೆಚ್ಚಿನ ಸಲ ಮರಳು ಕಣವೂ ಕಸವೂ ಮಾತ್ರ ಕಾಣುತ್ತವೆ. ಕಡಲಲ್ಲಿ ಏನೂ ಇಲ್ಲವೆಂದಲ್ಲ. ಒಂದು ಹನಿ ಎಂದರೆ 0.05 ಮಿಲಿಲೀಟರ್, ಅಷ್ಟರಲ್ಲಿ ಸಿಗುವುದು ಅದೃಷ್ಟ. ನೀರನ್ನು ಸೋಸಿ ಗಟ್ಟಿ ಮಾಡಿಕೊಳ್ಳಬೇಕು. ಕಿಟ್‌ಗಳಲ್ಲಿ ಬರುವ ಜಾಲರಿ ಚಿಕ್ಕದು. ಸ್ಕ್ರೀನ್ ಪ್ರಿಂಟಿಂಗ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸೆಂಟಿಮೀಟರ್‌ಗೆ 120 ಎಳೆ ಇರುವುದನ್ನು ಕೇಳಿ. ಕೆಲವರು ಇಂಚಿನ ಲೆಕ್ಕ ಹೇಳುತ್ತಾರೆ. ಇಂಚಿಗೆ 300 ಎಂದರೂ ಹೆಚ್ಚುಕಡಿಮೆ ಅದೇ. ಎಳೆಯಿಂದ ಎಳೆಗೆ 83 ಮೈಕ್ರಾನ್ ಬರುತ್ತದೆ, ನಡುವಿನ ತೂತು ಅದಕ್ಕಿಂತ ಚಿಕ್ಕದು. ಒಂದು ಲೀಟರ್‌ನ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಬಾಯಿಗೆ ಈ ಬಟ್ಟೆ ಬಿಗಿದು ರಬ್ಬರ್ ಬ್ಯಾಂಡ್ ಹಾಕಿ, ತಲೆಕೆಳಗಾಗಿ ಹಿಡಿದು ಹತ್ತು ಲೀಟರ್ ಬಕೆಟ್‌ನಿಂದ ಹತ್ತು ಸಲ ನಿಧಾನಕ್ಕೆ ಹೊಯ್ಯಬೇಕು. ಬಟ್ಟೆಯ ಮೇಲೆ ಉಳಿದದ್ದನ್ನು ಅದೇ ಕಡಲ ನೀರಿನಿಂದ 100 ಮಿಲಿಲೀಟರ್‌ನಲ್ಲಿ ತೊಳೆದು ಇಳಿಸಿದರೆ ನೂರು ಲೀಟರ್‌ನ ಸಾರ ಕೈಯಲ್ಲಿರುತ್ತದೆ, ಸಾವಿರ ಪಟ್ಟು ಗಟ್ಟಿ. ತೊಳೆಯಲು ಸಿಹಿನೀರು ಬಳಸಬೇಡಿ. ಕಡಲ ಜೀವಕೋಶಗಳೊಳಗೆ ನೀರು ನುಗ್ಗಿ, ಮೃದು ಮೈಯವು ನೋಡುವ ಮೊದಲೇ ಉಬ್ಬಿ ಒಡೆಯುತ್ತವೆ.

ಎಲ್ಲಿ, ಯಾವಾಗ ಹಿಡಿಯಬೇಕು ಎಂಬುದೂ ಸಾಧನದಷ್ಟೇ ಮುಖ್ಯ. ಜೂನ್‌ನಿಂದ ಆಗಸ್ಟ್‌ವರೆಗೆ ಕಾಳಿ ಕೆಂಪಗೆ ಹರಿಯುವಾಗ ಸದಾಶಿವಗಡದ ಬದಿಯ ನೀರಿನಲ್ಲಿ ಮಣ್ಣೇ ಹೆಚ್ಚು, ಬಟ್ಟೆ ಎರಡನೇ ಬಕೆಟ್‌ಗೇ ಕಟ್ಟಿಕೊಳ್ಳುತ್ತದೆ. ಮಳೆ ನಿಂತ ಮೇಲೆ, ಭರತ (ಉಬ್ಬರ) ಏರಿ ನಿಂತ ಹೊತ್ತಿನಲ್ಲಿ, ಬೈತಖೋಲ್ ದಕ್ಕೆಯ ಹೊರ ಅಂಚಿನಿಂದಲೋ ಟ್ಯಾಗೋರ್ ಕಡಲತೀರದ ಅಲೆ ಮುರಿಯುವ ಜಾಗದಾಚೆಯಿಂದಲೋ ತೆಗೆದ ನೀರು ಒಳ್ಳೆಯದು. ಇಳಿತದಲ್ಲಿ ಹೊಳೆಯ ನೀರೇ ಹೊರಗೆ ಬರುವುದರಿಂದ ಸಿಹಿನೀರಿನ ಜಾತಿಗಳು ಬೆರೆತು ಗುರುತಿಸುವುದು ಗೊಂದಲವಾಗುತ್ತದೆ. ಬಾಟಲಿಯನ್ನು ಅರ್ಧವೇ ತುಂಬಿ, ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿಡಬೇಕು. ಗಟ್ಟಿ ಮಾಡಿದ ಮಾದರಿಯಲ್ಲಿ ಪ್ರಾಣಿಗಳು ಗಾಳಿಗೆ ಒದ್ದಾಡುತ್ತವೆ. ಎರಡು ಮೂರು ಗಂಟೆಯೊಳಗೆ ನೋಡಿ ಮುಗಿಸಿದರೆ ಜೀವಂತ ಕಾಣಬಹುದು. ಮರುದಿನಕ್ಕೆ ಬೇಕಿದ್ದರೆ ಕಾಲೇಜಿನ ಲ್ಯಾಬ್‌ನಿಂದ ಮಾದರಿ ಕೆಡದಂತೆ ಉಳಿಸುವ ಲ್ಯೂಗಾಲ್ ಅಯೋಡಿನ್ ದ್ರಾವಣ ತಂದು, ನೀರು ತಿಳಿ ಚಹಾದ ಬಣ್ಣಕ್ಕೆ ಬರುವವರೆಗೆ ಹನಿ ಹನಿಯಾಗಿ ಹಾಕಿ.

ಸ್ಲೈಡ್ ಮಾಡುವ ಲೆಕ್ಕ ಹೀಗೆ. ಗಾಜಿನ ಮೇಲೆ 20 ಮಿ.ಮೀ. ಅಂತರದಲ್ಲಿ ಎರಡು ಕಡೆ ಸೆಲ್ಲೋಟೇಪಿನ ಎರಡೆರಡು ಪದರ ಅಂಟಿಸಿ. ಟೇಪಿನ ಒಂದು ಪದರ ಸುಮಾರು 0.05 ಮಿ.ಮೀ., ಎರಡಾದರೆ 0.1. ಅದರ ಮೇಲೆ 22 ಮಿ.ಮೀ.ನ ಚೌಕ ಕವರ್‌ಸ್ಲಿಪ್ ಇಟ್ಟರೆ ಒಳಗೆ ಹಿಡಿಯುವ ನೀರು 0.05 ಮಿಲಿಲೀಟರ್‌ಗಿಂತ ಒಂಚೂರು ಕಡಿಮೆ, ಎಂದರೆ ಪಿಪೆಟ್ಟಿನ ಸರಿಯಾಗಿ ಒಂದು ಹನಿ. ಎರಡು ಹನಿ ಹಾಕಿದರೆ ಕವರ್‌ಸ್ಲಿಪ್ ತೇಲಿ, ಫೋಲ್ಡ್‌ಸ್ಕೋಪ್‌ಗೆ ತೂರಿಸುವಾಗ ಜಾರಿ ಗುಂಡಿಗೆ ಉಪ್ಪುನೀರು ಬಳಿಯುತ್ತದೆ. ಕವರ್‌ಸ್ಲಿಪ್ಪನ್ನು ಒಂದು ಅಂಚು ತಾಗಿಸಿ, ಓರೆಯಾಗಿ ನಿಧಾನಕ್ಕೆ ಮಲಗಿಸಿ; ಧಡಕ್ಕನೆ ಬಿಟ್ಟರೆ ಗಾಳಿಗುಳ್ಳೆ. ಹೊಸಬರು ‘ದೊಡ್ಡ ಜೀವಕೋಶ’ ಎಂದು ಫೋಟೊ ಹಂಚುವ ದುಂಡನೆಯ, ದಪ್ಪ ಕಪ್ಪು ಅಂಚಿನ ವಸ್ತು ಈ ಗುಳ್ಳೆಯೇ. ಇನ್ನೊಂದು ಮೋಸ ಉಪ್ಪಿನ ಹರಳು. ಅಂಚಿಗೆ ಸೀಲ್ ಮಾಡದ ಕಡಲ ನೀರು ಬೇಗನೆ ಆರತೊಡಗಿ, ಚೌಕಾಕಾರದ ಹೊಳೆಯುವ ಹರಳುಗಳು ಅಂಚಿನಿಂದ ಒಳಗೆ ಬೆಳೆಯುತ್ತವೆ. ಬೆಳೆಯುತ್ತಿರುವುದರಿಂದ ಜೀವಿ ಎಂದೇ ಅನಿಸುತ್ತದೆ. ಬೆಂಕಿಕಡ್ಡಿಯ ತುದಿಯಿಂದ ನಾಲ್ಕು ಅಂಚಿಗೂ ವ್ಯಾಸಲಿನ್ ಸವರಿದರೆ ಒಂದು ಗಂಟೆ ಆರಾಮ. ಉಗುರುಬಣ್ಣವೂ ಆಗುತ್ತದೆ, ಆದರೆ ಅದರ ದ್ರಾವಕ ಒಳಗೆ ಇಳಿದರೆ ಜೀವಂತ ಮಾದರಿ ಸಾಯುತ್ತದೆ.

ಕೋಪಿಪಾಡ್ ಮರಿಗಳು ಜಿಗಿಜಿಗಿದು ಕಣ್ಣಿಗೆ ಸಿಗದಿದ್ದರೆ ಗೋಲಿ ಸೋಡಾ ನೆನಪಿರಲಿ. ಸಕ್ಕರೆ ಇಲ್ಲದ ಸೋಡಾ ಒಂದೆರಡು ಹನಿಯನ್ನು ಹತ್ತು ಹನಿ ಮಾದರಿಗೆ ಬೆರೆಸಿದರೆ ಇಂಗಾಲದ ಡೈಆಕ್ಸೈಡ್ ಅವುಗಳಿಗೆ ಮಂಪರು ತರಿಸುತ್ತದೆ. ಪ್ರಯೋಗಾಲಯಗಳಲ್ಲೂ ಬಳಸುವ ಉಪಾಯ ಇದು.

ಇಷ್ಟು ಮಾಡಿದ ಮೇಲೆ ಏನು ಕಾಣುತ್ತದೆ? ನಾಣ್ಯದಂತೆ ದುಂಡಗಿನ ಕೊಸಿನೊಡಿಸ್ಕಸ್, ಮುಳ್ಳಿನ ಸರಪಳಿಯಂತೆ ಕೀಟೊಸೆರಸ್, ಸೂಜಿಯಂತೆ ರೈಜೊಸೊಲೀನಿಯಾ, ಒಂದೇ ಕೆಂಪು ಕಣ್ಣಿನ ಕೋಪಿಪಾಡ್ ಮರಿ. ಇವೆಲ್ಲ ಹತ್ತಾರು ಮೈಕ್ರಾನಿನಿಂದ ಕೆಲವು ನೂರು ಮೈಕ್ರಾನ್ ಅಳತೆಯವು, ಫೋಲ್ಡ್‌ಸ್ಕೋಪ್‌ನ ಸಾಮ್ರಾಜ್ಯ ಇದು. ಡಯಾಟಮ್‌ನ ಗಾಜಿನ ಚಿಪ್ಪಿನ ಆಕಾರ, ಒಳಗಿನ ಕಂದು ಹಸಿರು ಕಣಗಳು ಸ್ಪಷ್ಟ. ಚಿಪ್ಪಿನ ಮೇಲಿನ ನವುರಾದ ತೂತುಗಳ ಸಾಲು ಮಾತ್ರ ಹೆಚ್ಚಿನವುಗಳಲ್ಲಿ ಕಾಣದು. ಜಾತಿ ಖಚಿತ ಮಾಡಲು ಆ ತೂತುಗಳನ್ನೇ ಎಣಿಸಬೇಕಾಗುವುದರಿಂದ, ಫೋಲ್ಡ್‌ಸ್ಕೋಪ್ ಚಿತ್ರ ನೋಡಿ ಕುಲದ ಹೆಸರು ಹೇಳಿ ನಿಲ್ಲಿಸುವುದು ಪ್ರಾಮಾಣಿಕ. ಮುಂದಕ್ಕೆ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ, ಊರಲ್ಲೇ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ. ಇಂಥ ಅನುಕೂಲ ಎಲ್ಲ ಜಿಲ್ಲೆಗಳಿಗಿಲ್ಲ.

ಅಳತೆ ಬೇಕೆನ್ನುವವರು ಬೇರೆ ಸ್ಕೇಲ್ ಹುಡುಕಬೇಕಿಲ್ಲ. ಸೋಸಲು ತಂದ ಅದೇ 120 ಎಳೆಯ ಬಟ್ಟೆಯ ಚಿಕ್ಕ ತುಂಡನ್ನು ಸ್ಲೈಡ್ ಮಾಡಿ, ಫೋನ್‌ನ ಅದೇ ಜೂಮ್‌ನಲ್ಲಿ ಫೋಟೊ ತೆಗೆದು, ಹತ್ತು ಎಳೆಗಳ ಅಂತರ 830 ಮೈಕ್ರಾನ್ ಎಂದು ಹಿಡಿದು ಪಿಕ್ಸೆಲ್ ಎಣಿಸಿ. ಚಿತ್ರದಲ್ಲಿ ಹತ್ತು ಎಳೆ ಹಿಡಿಸದಿದ್ದರೆ ಐದಕ್ಕೆ 415. ಮುಂದಿನ ಎಲ್ಲ ಚಿತ್ರಗಳಿಗೂ ಅದೇ ಅಳತೆಗೋಲು, ಜೂಮ್ ಬದಲಿಸದಿದ್ದರೆ.

ಕಾರವಾರ, ಮುರ್ಡೇಶ್ವರ ಕಡೆ ರಾತ್ರಿ ಅಲೆಗಳು ನೀಲಿಯಾಗಿ ಮಿನುಗಿದಾಗ ಎಲ್ಲರಿಗೂ ನೋಡಬೇಕೆನಿಸುವ ನಾಕ್ಟಿಲ್ಯೂಕಾ ವಿಚಾರದಲ್ಲಿ ಸ್ವಲ್ಪ ನಿರಾಸೆಗೆ ಸಿದ್ಧರಿರಬೇಕು. ಕಾರಣ ಅದು ಚಿಕ್ಕದೆಂದಲ್ಲ, ದೊಡ್ಡದೆಂದು. ಒಂದು ಕೋಶವೇ 0.2ರಿಂದ 2 ಮಿ.ಮೀ. ಎರಡು ಪದರ ಟೇಪಿನ 0.1 ಮಿ.ಮೀ. ಸಂದಿನಲ್ಲಿ ಅದು ಚಪ್ಪಟೆಯಾಗಿ ಒಡೆದು ಹೋಗುತ್ತದೆ. ಪದರವನ್ನು ಐದಕ್ಕೆ ಏರಿಸಿ 0.25 ಮಿ.ಮೀ. ಮಾಡಿದರೆ ಚಿಕ್ಕ ಕೋಶಗಳು ಉಳಿಯುತ್ತವೆ, ಫೋಕಸ್‌ಗೂ ಜಾಗ ಉಳಿಯುತ್ತದೆ. ಆಗ ದ್ರಾಕ್ಷಿಯಂಥ ಮೈ, ಒಂದು ಕಡೆಯ ಕೊರಕಲು, ಅಲ್ಲಿಂದ ಹೊರಟ ಬಾಲ, ಹೊಟ್ಟೆಯಲ್ಲಿ ನುಂಗಿದ ಡಯಾಟಮ್ ಎಲ್ಲ ಕಾಣುತ್ತವೆ. ನೀಲಿ ಬೆಳಕು ಮಾತ್ರ ಕಾಣುವುದಿಲ್ಲ: ಮಿಂಚು ಕ್ಷಣದ್ದು, ಕೋಶ ನೋಡಲು ನಾವು ಹಚ್ಚುವ ದೀಪದ ಮುಂದೆ ಅದು ಏನೂ ಅಲ್ಲ. ಬೆಳಕು ಬೇಕಿದ್ದರೆ ಅದೇ ಬಾಟಲಿಯನ್ನು ಕತ್ತಲೆ ಕೋಣೆಯಲ್ಲಿ ಐದು ನಿಮಿಷ ಬಿಟ್ಟು ಅಲ್ಲಾಡಿಸಿ. ಅದಕ್ಕೆ ಸೂಕ್ಷ್ಮದರ್ಶಕವೇ ಬೇಡ.

ಈಗ ಮೊದಲು ಎತ್ತಿದ ಹೊಸ ಸಂಶೋಧನೆಗಳಿಗೆ ಬರೋಣ. ಸಾರಜನಕದ ಪಾಚಿಯ ಹೆಸರು ಬ್ರಾರುಡೊಸ್ಫೇರಾ ಬಿಗೆಲೋವಿ. ಅದರೊಳಗೆ ವಾಸವಿರುವ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾದ ಡಿಎನ್‌ಎ ಗುರುತನ್ನು ಜೊನಾಥನ್ ಝೇರ್ 1998ರಲ್ಲಿ ಪೆಸಿಫಿಕ್ ನೀರಿನಲ್ಲಿ ಕಂಡಿದ್ದರು. ಜಪಾನಿನ ಕ್ಯೋಕೊ ಹಗಿನೊ ದಶಕಕ್ಕೂ ಹೆಚ್ಚು ಕಾಲ ಪಟ್ಟು ಹಿಡಿದು ಪಾಚಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. 2024ರಲ್ಲಿ ಗೊತ್ತಾದದ್ದೆಂದರೆ ಒಳಗಿರುವುದು ಈಗ ಬಾಡಿಗೆಯ ಅತಿಥಿಯಲ್ಲ: ಪಾಚಿ ಕೋಶ ಎರಡಾಗುವಾಗ ಅದರ ತಾಳಕ್ಕೇ ತಾನೂ ಎರಡಾಗುತ್ತದೆ, ಪಾಚಿ ತಯಾರಿಸಿದ ಪ್ರೋಟೀನುಗಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅದು ಮೈಟೊಕಾಂಡ್ರಿಯಾ, ಕ್ಲೋರೊಪ್ಲಾಸ್ಟ್‌ಗಳ ಸಾಲಿಗೆ ಸೇರುವ ಒಂದು ಕಣದಂಗ (ಜೀವಕೋಶದೊಳಗಿನ ಅಂಗ), ನೈಟ್ರೊಪ್ಲಾಸ್ಟ್. ಫೋಲ್ಡ್‌ಸ್ಕೋಪ್‌ನಲ್ಲಿ ಇದು ಕಾಣುವುದೇ? ಇಲ್ಲ. ಪಾಚಿ ಕೋಶ ಸಿಕ್ಕರೂ ಕೆಲವೇ ಮೈಕ್ರಾನ್‌ನ ಚುಕ್ಕಿ. ಒಳಗಿನ ಅಂಗವನ್ನು ಸಂಶೋಧಕರು ನೋಡಿದ್ದು ಎಕ್ಸ್‌ರೇ ಚಿತ್ರಣದಿಂದ. ಮೇಲಾಗಿ ನಮ್ಮ 120 ಎಳೆಯ ಬಟ್ಟೆಯ ತೂತಿನಿಂದ ಅದು ಜಾರಿ ಹೊರಗೇ ಹೋಗುತ್ತದೆ.

ಆದರೆ ಸಾರಜನಕ ಹಿಡಿಯುವ ಕಡಲ ಜೀವಿಯನ್ನು ಕಣ್ಣಾರೆ ನೋಡುವ ದಾರಿ ಅರಬ್ಬೀ ಸಮುದ್ರದಲ್ಲೇ ಇದೆ. ಬೇಸಿಗೆಯಲ್ಲಿ, ಗಾಳಿ ಅಡಗಿದ್ದ ದಿನ, ನೀರಿನ ಮೇಲೆ ಮರದ ಹೊಟ್ಟಿನಂತೆ ಕಂದು ಪಟ್ಟಿ ತೇಲುವುದನ್ನು ಮೀನಿಗೆ ಹೋಗುವವರು ಬಲ್ಲರು. ಅದು ಟ್ರೈಕೊಡೆಸ್ಮಿಯಂ. ಬಟ್ಟೆಯೂ ಬೇಡ, ಒಂದು ಮಗ್‌ನಲ್ಲಿ ನೀರಿನ ಮೇಲ್ಪದರ ತೆಗೆದರೆ ಸಾಕು. ಒಂದೇ ಪದರದ ಟೇಪಿನ ಸ್ಲೈಡ್‌ನಲ್ಲಿ ಹುಲ್ಲಿನ ಕಟ್ಟಿನಂತೆ ಎಳೆಗಳು, ಪ್ರತಿ ಎಳೆಯಲ್ಲೂ ಕೋಶದ ಅಡ್ಡ ಗೆರೆಗಳು ಕಾಣುತ್ತವೆ. ಬೇಗ ನೋಡಬೇಕು, ಬಾಟಲಿಯಲ್ಲಿ ಕೆಲವೇ ಗಂಟೆಗಳಲ್ಲಿ ಒಡೆದು ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇದನ್ನು ತೋರಿಸಿ ನೈಟ್ರೊಪ್ಲಾಸ್ಟ್ ಬಗ್ಗೆ ಓದಿಸಿದರೆ ತರಗತಿಗೆ ಆ ಸುದ್ದಿಯ ತೂಕ ಅರ್ಥವಾಗುತ್ತದೆ. ಸ್ವತಂತ್ರವಾಗಿ ಬದುಕುವ ಎಳೆ ಇಲ್ಲಿ, ಇನ್ನೊಬ್ಬರ ಮನೆಯ ಗೋಡೆಯೇ ಆಗಿಹೋದದ್ದು ಅಲ್ಲಿ.

ಎರಡನೆಯದು ಕಡಲ ಹಿಮ. ಸತ್ತ ಪಾಚಿ, ಮಲ, ಲೋಳೆ ಸೇರಿ ಗುಂಜಾಗಿ ಮೇಲಿಂದ ಕೆಳಕ್ಕೆ ಇಳಿಯುತ್ತಲೇ ಇರುತ್ತವೆ. ಇಂಗಾಲ ಕಡಲಾಳ ಸೇರುವ ದೊಡ್ಡ ದಾರಿ ಇದು. ಫೋಲ್ಡ್‌ಸ್ಕೋಪ್ ಮಾಡಿದ ಪ್ರಕಾಶ್ ಅವರ ತಂಡವೇ ಮೇನ್ ಕೊಲ್ಲಿಯಲ್ಲಿ ಹಡಗಿನ ಮೇಲೆ ಚಕ್ರದಂತೆ ತಿರುಗುವ ಸೂಕ್ಷ್ಮದರ್ಶಕ ಇಟ್ಟು, ಬೀಳುತ್ತಲೇ ಇರುವ ಗುಂಜುಗಳನ್ನು ಹಿಂಬಾಲಿಸಿತು. ಪ್ರತಿ ಗುಂಜಿನ ಹಿಂದೆ ಧೂಮಕೇತುವಿನ ಬಾಲದಂತೆ ಪಾರದರ್ಶಕ ಲೋಳೆ ಇದ್ದು, ಪ್ಯಾರಾಚೂಟ್‌ನಂತೆ ತಡೆಯುತ್ತದೆ. ಮೇಲಿನ ನೂರು ಮೀಟರ್‌ನಲ್ಲಿ ಗುಂಜು ಉಳಿಯುವ ಕಾಲ ಇದರಿಂದ ಇಮ್ಮಡಿಯಾಗುತ್ತದೆ ಎಂದು ತೋರಿಸಿತು. ಬೀಳುವ ಗುಂಜನ್ನು ಹಿಂಬಾಲಿಸುವುದು ಫೋಲ್ಡ್‌ಸ್ಕೋಪ್‌ನಿಂದ ಆಗದ ಕೆಲಸ. ಲೋಳೆ ಇದೆ ಎಂಬುದನ್ನಾದರೂ ತೋರಿಸಬಹುದು. ಚಿತ್ರ ಬಿಡಿಸುವ ಕಪ್ಪು ಇಂಡಿಯನ್ ಇಂಕ್ ಸೂಜಿಮೊನೆಯಷ್ಟು ತೆಗೆದು ಹನಿಯ ಅಂಚಿಗೆ ಬೆರೆಸಿ. ಮಸಿಯ ಕಣಗಳು ಲೋಳೆಯೊಳಗೆ ನುಗ್ಗಲಾರವು. ಹಿನ್ನೆಲೆ ಬೂದುಬಣ್ಣವಾಗಿ, ಲೋಳೆ ಇರುವ ಕಡೆ ಪಾಚಿ ಸರಪಳಿಯ ಸುತ್ತ ಬೆಳ್ಳನೆಯ ಪ್ರಭಾವಳಿ ಉಳಿಯುತ್ತದೆ. ಉಪ್ಪುನೀರಿಗೆ ಕೆಲವು ಇಂಕುಗಳು ಮೊಸರಿನಂತೆ ಒಡೆಯುತ್ತವೆ. ಹಾಗಾಗಿ ಮೊದಲು ಬರೀ ಸೋಸಿದ ಕಡಲ ನೀರಿಗೆ ಹಾಕಿ ಪರೀಕ್ಷಿಸಬೇಕು, ಇಲ್ಲದಿದ್ದರೆ ಒಡೆದ ಮಸಿಯ ಗಂಟನ್ನೇ ಕಡಲ ಹಿಮ ಎಂದು ಬರೆದಿಡುವ ಅಪಾಯವಿದೆ.

ಮೂರನೆಯದು ದೈತ್ಯ ಬ್ಯಾಕ್ಟೀರಿಯಾ, ಥಯೊಮಾರ್ಗರಿಟಾ ಮ್ಯಾಗ್ನಿಫಿಕಾ. ಕೆರಿಬಿಯನ್‌ನ ಗ್ವಾಡಲೂಪ್ ದ್ವೀಪದಲ್ಲಿ, ನೀರಿನಲ್ಲಿ ಕೊಳೆಯುವ ಕಾಂಡ್ಲಾ ಎಲೆಗಳ ಮೇಲೆ ಬಿಳಿ ಎಳೆಗಳಾಗಿ ಸಿಕ್ಕಿತು. ಸುಮಾರು ಒಂದು ಸೆಂಟಿಮೀಟರ್ ಉದ್ದ, ಕೆಲವು ಎರಡರವರೆಗೂ. ಕಾಳಿ ಅಳಿವೆಯಲ್ಲೂ, 2024ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿದ ಅಘನಾಶಿನಿಯಲ್ಲೂ ಕಾಂಡ್ಲಾ ಇದೆ, ಕೊಳೆಯುವ ಎಲೆಯೂ ಇದೆ. ಹಾಗೆಂದು ಅದೇ ಜೀವಿ ಇಲ್ಲಿದೆ ಎಂದು ಹೇಳಲಾಗದು. ಆದರೆ ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಕೆಸರಿನಲ್ಲಿ ಗಂಧಕ ತಿಂದು ಬದುಕುವ ಎಳೆ ಬ್ಯಾಕ್ಟೀರಿಯಾಗಳು ಸಾಮಾನ್ಯ. ಎಲೆಯ ಮೇಲಿನ ಬಿಳಿ ಜೇಡರಬಲೆಯಂಥ ಪೊರೆಯನ್ನು ಚಿಮಟದಿಂದ ಎತ್ತಿ, ಅದೇ ಜಾಗದ ನೀರಿನಲ್ಲಿ ಒಂದೇ ಪದರದ ಸ್ಲೈಡ್ ಮಾಡಿದರೆ, ದಪ್ಪ ಜಾತಿಯವು ಸಿಕ್ಕಾಗ ಎಳೆಯೊಳಗೆ ಗಂಧಕದ ಹೊಳೆಯುವ ಕಾಳುಗಳು ಕಾಣುತ್ತವೆ. ಬ್ಯಾಕ್ಟೀರಿಯಾ ಕಾಣದು ಎಂದು ಮೇಲೆ ಹೇಳಿದ ಮಾತಿಗೆ ಇದೊಂದು ಅಪವಾದ. ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಅಂಚಿನ ಕೆಸರಿಗೆ ಇಳಿಯುವವರು ಇಳಿತದ ಹೊತ್ತು ತಿಳಿದೇ ಇಳಿಯಬೇಕು, ಒಬ್ಬರೇ ಹೋಗಬಾರದು.

ಘಟ್ಟದ ಮೇಲೆ, ಶಿರಸಿ ಕಡೆಯವರಿಗೆ ಈ ಸಾಧನ ಇನ್ನೂ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕೊಳೆ ರೋಗ ಹಿಡಿದು ಉದುರಿದ ಅಡಿಕೆ ಕಾಯಿಯ ಮೇಲಿನ ಬಿಳಿ ಬೂಸ್ಟನ್ನು ಪಾರದರ್ಶಕ ಟೇಪಿನಿಂದ ಒತ್ತಿ ಎತ್ತಿ ಒಂದು ಹನಿ ನೀರಿನ ಮೇಲೆ ಅಂಟಿಸಿದರೆ ಆ ರೋಗ ತರುವ ಫೈಟಾಫ್ತೊರಾದ ನಿಂಬೆಯಾಕಾರದ ಬೀಜಕಚೀಲಗಳು ಕಾಣುತ್ತವೆ. ಹತ್ತಾರು ಮೈಕ್ರಾನ್ ಇರುವುದರಿಂದ ಫೋಲ್ಡ್‌ಸ್ಕೋಪ್‌ಗೆ ಸಲೀಸು. ಫ್ರಿಜ್ಜಿನ ತಣ್ಣೀರಿನ ಹನಿಯಲ್ಲಿ ಅರ್ಧ ಗಂಟೆ ಬಿಟ್ಟರೆ ತಾಜಾ ಚೀಲಗಳಿಂದ ಈಜುವ ಬೀಜಕಗಳು ಹೊರಬರುವುದನ್ನೂ ನೋಡಬಹುದು. ಶೇಕಡಾ 1ರ ಬೋರ್ಡೋ ದ್ರಾವಣವನ್ನು, ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ್ದನ್ನು, ರೋಗ ಬರುವ ಮೊದಲೇ ಯಾಕೆ ಹೊಡೆಯಬೇಕು ಎಂಬುದು ಆ ಚುಕ್ಕಿಗಳು ಈಜುವುದನ್ನು ಕಂಡವರಿಗೆ ಬೇರೆ ಹೇಳಬೇಕಿಲ್ಲ: ಕಾಯಿಯೊಳಗೆ ಬೇರುಬಿಟ್ಟ ಮೇಲೆ ತಾಮ್ರ ತಲುಪುವುದಿಲ್ಲ, ಮೇಲೆ ಈಜುವಾಗ ತಲುಪುತ್ತದೆ. ಎಲೆಚುಕ್ಕಿ ರೋಗದ ಬೀಜಕಗಳು ಇದಕ್ಕಿಂತ ಚಿಕ್ಕವು, ಫೋಲ್ಡ್‌ಸ್ಕೋಪ್ ನೋಡಿ ರೋಗ ನಿರ್ಧರಿಸಿ ಔಷಧ ತರುವುದು ಬೇಡ. ಅದಕ್ಕೆ ತೋಟಗಾರಿಕೆ ಇಲಾಖೆಯವರಿಗೆ ಎಲೆ ಒಯ್ದು ಕೊಡಿ.

ಕೆರೆ, ಬಾವಿ, ತೋಟದ ಕಾಲುವೆಯ ಕೊಳೆತ ಎಲೆಯ ನೀರಿನಲ್ಲಿ ಸ್ಪೈರೊಸ್ಟೊಮಂ ಸಿಗಬಹುದು, ಒಂದೇ ಕೋಶದ್ದಾದರೂ ಮಿಲಿಮೀಟರ್ ಮೀರಿದ ಉದ್ದ. ಸ್ಲೈಡನ್ನು ಬೆರಳಿನಿಂದ ತಟ್ಟಿದರೆ ಕೆಲವೇ ಮಿಲಿಸೆಕೆಂಡಿನಲ್ಲಿ ಅರ್ಧಕ್ಕಿಂತ ಚಿಕ್ಕದಾಗಿ ಮುದುಡುತ್ತದೆ. ಒಂದು ಮುದುಡಿದಾಗ ನೀರಿನಲ್ಲಿ ಏಳುವ ಸುಳಿ ಪಕ್ಕದ್ದನ್ನು ಮುದುಡಿಸಿ, ಗುಂಪಿನಲ್ಲಿ ಅಲೆಯಂತೆ ಸಂದೇಶ ಹರಡುತ್ತದೆ ಎಂಬುದು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಶೋಧ. ಮುದುಡುವುದನ್ನು ನೋಡಲು ಟೇಪಿನ ಐದು ಪದರ ಬೇಕು. ಫೋನ್‌ನ ಸ್ಲೋ ಮೋಷನ್‌ನಲ್ಲಿ ಹಿಡಿದರೆ ಮುದುಡಿದ ಮೊದಲ ಚೌಕಟ್ಟು, ಮುದುಡುವ ಮುಂಚಿನ ಚೌಕಟ್ಟು ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ, ನಡುವೆ ಏನೂ ಸಿಗುವುದಿಲ್ಲ. ಅಷ್ಟು ವೇಗ.

ಫೋನ್ ಜೋಡಿಸುವ ಬಗ್ಗೆ ಒಂದಿಷ್ಟು. ಉಂಗುರದಂಥ ಆಯಸ್ಕಾಂತ ಒಂದನ್ನು ಫೋಲ್ಡ್‌ಸ್ಕೋಪ್‌ಗೆ, ಇನ್ನೊಂದನ್ನು ಕ್ಯಾಮೆರಾ ಸುತ್ತ ಅಂಟಿಸುವ ವ್ಯವಸ್ಥೆ ಜಾಣತನದ್ದು. ಆದರೆ ಈಗಿನ ಫೋನ್‌ಗಳಲ್ಲಿ ಮೂರು ಕ್ಯಾಮೆರಾ. ಮುಖ್ಯ ಕ್ಯಾಮೆರಾ ಯಾವುದು ಎಂದು ಬೆರಳಿನಿಂದ ಒಂದೊಂದನ್ನೇ ಮುಚ್ಚಿ ಪತ್ತೆಮಾಡಿ ಅದರ ಮೇಲೇ ಅಂಟಿಸಬೇಕು. ಜೂಮ್ ಏರಿಸಿದಾಗ ಫೋನ್ ತಾನೇ ಬೇರೆ ಕ್ಯಾಮೆರಾಕ್ಕೆ ಜಿಗಿದು ಪರದೆ ಕಪ್ಪಾದರೆ ಎರಡು ಪಟ್ಟಿಗಿಂತ ಕೆಳಗೆ ನಿಲ್ಲಿಸಿ. ದಪ್ಪ ಕವರ್ ಹಾಕಿದ್ದರೆ ಗುಂಡು ಕ್ಯಾಮೆರಾದಿಂದ ದೂರವಾಗಿ ಚಿತ್ರ ಚಿಕ್ಕ ವೃತ್ತವಾಗುತ್ತದೆ, ಕವರ್ ತೆಗೆಯಬೇಕು. ಫೋಕಸ್ ಮತ್ತು ಬೆಳಕನ್ನು ಪರದೆ ಒತ್ತಿಹಿಡಿದು ಬೀಗ ಹಾಕಿ, ಆಮೇಲೆ ಕಾಗದದ ಪಟ್ಟಿಯಿಂದ ಮಾತ್ರ ಫೋಕಸ್ ಮಾಡಿ. ಫೋನೂ ನಮ್ಮ ಕೈಯೂ ಒಟ್ಟಿಗೆ ಫೋಕಸ್ ಮಾಡಲು ಹೋದರೆ ಚಿತ್ರ ನಿಲ್ಲುವುದೇ ಇಲ್ಲ.

ಕೊಳ್ಳುವಾಗ ಎರಡು ಬಗೆ ಸಿಗುತ್ತವೆ. ಶಾಲೆಗಳಿಗಾಗಿ ಹಲವು ಫೋಲ್ಡ್‌ಸ್ಕೋಪ್ ಒಟ್ಟಿಗೆ ಬರುವ ಸರಳ ಕಿಟ್, ಮತ್ತು ದೀಪ, ಚಿಮಟ, ಪಿಪೆಟ್, ಸ್ಲೈಡ್ ಎಲ್ಲ ತುಂಬಿದ ತಗಡಿನ ಪೆಟ್ಟಿಗೆಯದು. ಒಂದರ ಲೆಕ್ಕದಲ್ಲಿ ಎರಡನೆಯದರ ಬೆಲೆ ಹಲವು ಪಟ್ಟು. ಶಾಲೆಗೆ ಸರಳ ಕಿಟ್ಟೇ ಸರಿ. ಉಳಿದ ಸಾಮಾನು ಔಷಧದಂಗಡಿ, ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಉಳಿದ ದುಡ್ಡಿನಲ್ಲಿ ಕವರ್‌ಸ್ಲಿಪ್ ಡಬ್ಬಿ ಮತ್ತು ಸೋಸುವ ಬಟ್ಟೆ ತನ್ನಿ. ದೀಪ ಒಂದನ್ನು ಮಾತ್ರ ಬಿಡಬೇಡಿ. ಜುಲೈ ತಿಂಗಳ ಮಧ್ಯಾಹ್ನದ ಕರಾವಳಿ ಮೋಡದಲ್ಲಿ ಕಿಟಕಿಯ ಬೆಳಕು ಡಯಾಟಮ್‌ಗೂ ಸಾಲದು. ಮನೆಯಲ್ಲಿ ಒಬ್ಬರೇ ಮಗು ಇದ್ದು, ಸಾಮಾನು ಹುಡುಕಿ ತರುವವರಿಲ್ಲದಿದ್ದರೆ ಪೆಟ್ಟಿಗೆಯ ಕಿಟ್ ಕೊಳ್ಳಬಹುದು.

ಬಾಳಿಕೆಯ ಶತ್ರುಗಳು ಮೂರು: ಉಪ್ಪು, ಮರಳು, ಬೂಸ್ಟು. ಕಡಲ ಮಾದರಿ ನೋಡಿದ ದಿನ ಗುಂಡಿಗೆ ಒಂದು ಹನಿ ಬಟ್ಟಿ ಇಳಿಸಿದ ನೀರು ಹಾಕಿ, ಟಿಶ್ಯೂ ಕಾಗದದ ಮೂಲೆಯಿಂದ ಹೀರಿಸಬೇಕು, ಉಜ್ಜಬಾರದು. ಅಂಗಿಯ ತುದಿಯಿಂದ ಒರೆಸಿದರೆ ಎಳೆಯಲ್ಲಿ ಸಿಕ್ಕ ಮರಳು ಕಣ ಗಾಜಿಗೆ ಗೀರು ಹಾಕುತ್ತದೆ, ಆ ಗೀರು ಮುಂದೆ ಪ್ರತಿ ಚಿತ್ರದಲ್ಲೂ ಬರುತ್ತದೆ. ಜಾರುವ ಪಟ್ಟಿಗಳ ನಡುವೆ ಮರಳು ಸೇರಿದರೆ ಪೂರ್ತಿ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಮತ್ತೆ ಮಡಚಬಹುದು; ಹಾಳೆಗೆ ಏನೂ ಆಗುವುದಿಲ್ಲ, ಆದರೆ ಆಯಸ್ಕಾಂತದ ಅಂಟು ಬಿಡುತ್ತದೆ, ಹೊಸ ಎರಡು ಬದಿಯ ಟೇಪ್ ಬೇಕಾಗುತ್ತದೆ. ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಪೊಟ್ಟಣ ಸಿಗದಿದ್ದರೆ ಹುರಿದು ಆರಿಸಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಹಾಕಬಹುದು, ವಾರಕ್ಕೊಮ್ಮೆ ಬದಲಿಸಬೇಕು. ಗುಂಡಿನ ಮೇಲೆ ಒಮ್ಮೆ ಬೂಸ್ಟು ಬೇರು ಬಿಟ್ಟರೆ ಅದರ ಎಳೆಗಳು ಪ್ರತಿ ಸ್ಲೈಡ್‌ನಲ್ಲೂ ಒಂದೇ ಜಾಗದಲ್ಲಿ ಕಾಣತೊಡಗುತ್ತವೆ. ಸ್ಲೈಡ್ ಸರಿಸಿದರೂ ಕದಲದೆ ಇರುವ ‘ಜೀವಿ’ ಕಂಡರೆ ನೋಟ್‌ಬುಕ್‌ನಲ್ಲಿ ಬರೆಯುವ ಮೊದಲು ಗುಂಡನ್ನು ತೊಳೆಯಿರಿ.